ಸಾರಥ್ಯವು ಯಾರಿಗೆ?

ಇರುವ ಸ್ಥಾನವು ಒಂದೇ ಆಗಿ, ಅದಕ್ಕೆ ತಕ್ಕವರು ಇಬ್ಬರಾದಾಗ ಹಿರಿಯರಿಗೆ ಒದಗುವ ಸಂಕಟವನ್ನು ವಾಚಕರಲ್ಲಿ ಅನೇಕರು ಅನುಭವಿಸಿರಬಹುದು. ಶಾಲೆಯ ನಾಟಕದಲ್ಲಿ ನಾಯಕನ ಪಾತ್ರವು ಒಂದೇ; ಅಂಗಡಿಯ ಗಲ್ಲದ ಮೇಲೆ ಕೂರುವ ಮಗನು ಒಬ್ಬನೇ; ಇಬ್ಬರೂ ಯೋಗ್ಯರಾಗಿದ್ದಲ್ಲಿ ಯಾರನ್ನು ಕರೆಯುವುದು, ಯಾರನ್ನು ಬಿಡುವುದು? ಮೂವತ್ತಕ್ಕೆ ಮಿಕ್ಕ ವರುಷಗಳ ಕಾಲ ಉಪಾಧ್ಯಾಯವೃತ್ತಿಯಲ್ಲಿದ್ದ ನಮಗೆ ಈ ಪ್ರಶ್ನೆಯು ಹೊಸದೇನೂ ಅಲ್ಲ. ಆದರೂ ಅದರಲ್ಲಿ ನಾವು ಮಾಡಿದ ಒಂದು ತಪ್ಪು ನಮಗೆ ಸ್ಪಷ್ಟವಾದುದು ದೂರದೇಶದ ಒಂದು ಕಾಲೇಜಿನ ಚೆಂಡಾಟದ ವೃತ್ತಾಂತವನ್ನು ಕೇಳಿದ ಮೇಲೆಯೇ. ಆ ವೃತ್ತಾಂತವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ನಮ್ಮ ಸೋದರಳಿಯನೊಬ್ಬನು ಅಮೆರಿಕೆಯ ಅಲಬಾಮಾ ಸಂಸ್ಥಾನದಲ್ಲಿ ಕೆಲವು ವರುಷ ಓದಿ ಬಂದವನು. ಆ ಸಂಸ್ಥಾನದ ವಿಶ್ವವಿದ್ಯಾನಿಲಯವು ಟಸ್ಕಲೂಸಾ ಎಂಬ ಊರಿನಲ್ಲಿದೆ. ಊರಿನ ಜನಸಂಖ್ಯೆಯು ಸುಮಾರು ಒಂದು ಲಕ್ಷ. ಅಲ್ಲಿಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕೂರಬಹುದಾದ ಪ್ರೇಕ್ಷಕರ ಸಂಖ್ಯೆಯೂ ಸುಮಾರು ಅಷ್ಟೆ. “ಮಾವ, ಪಂದ್ಯದ ದಿನ ಊರಿಗೆ ಊರೇ ಅಲ್ಲಿ ಹೋಗಿ ಕುಳಿತರೂ ಜಾಗ ಸಾಲುತ್ತದೆ” ಎಂದು ಆತನು ಹೇಳಿದಾಗ ನಮಗೆ ನಮ್ಮ ಕಡೆಯ ರಥೋತ್ಸವಗಳ ನೆನಪಾಯಿತು.

ಫುಟ್‌ಬಾಲ್ ಎಂದ ಮಾತ್ರಕ್ಕೆ ನಮ್ಮ ಮೈದಾನಗಳಲ್ಲಿ ಹುಡುಗರು ಕಾಲಿನಿಂದ ಒದೆಯುವ ಆಟವೆಂದು ವಾಚಕರು ಭಾವಿಸಕೂಡದು. ಅಮೆರಿಕೆಯ ಈ ಆಟದಲ್ಲಿ ಚೆಂಡು ಗುಂಡಗಿಲ್ಲ, ಎರಡು ತುದಿಗಳಲ್ಲಿಯೂ ಚೂಪಾಗಿರುತ್ತದೆ; ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುವರು, ಇಲ್ಲವೆ ಎಸೆಯುವರು. ಒಂದೊಂದು ಪಕ್ಷದಲ್ಲಿ ಹನ್ನೊಂದು ಮಂದಿ. ನೂರು ಗಜದ ಬಯಲಿನಲ್ಲಿ, ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜದಷ್ಟಾದರೂ ಮುಂದೆ ಸಾಗಬೇಕು. ಸಾಗದಿದ್ದರೆ ಚೆಂಡು ಎದುರಾಳಿಗಳ ಪಾಲು. ಪ್ರತಿ ಪ್ರಯತ್ನದಲ್ಲಿಯೂ ಚೆಂಡು ಮೊದಲು ಬಂದು ಸೇರುವುದು ಕ್ವಾರ್ಟರ್‌ಬ್ಯಾಕ್ ಎಂಬವನ ಕೈಗೆ. ಎದುರಾಳಿಗಳು ತನ್ನ ಮೇಲೆ ನುಗ್ಗುತ್ತಿರಲು, ಎರಡು ಮೂರು ಸೆಕೆಂಡುಗಳೊಳಗೆ ಆತನು ದೂರದಲ್ಲಿರುವ ಜೊತೆಗಾರನಿಗೆ ಎಸೆಯಬೇಕೋ, ಪಕ್ಕದವನ ಕೈಗೆ ಕೊಡಬೇಕೋ, ತಾನೇ ಓಡಬೇಕೋ ಎಂಬುದನ್ನು ನಿಶ್ಚಯಿಸತಕ್ಕದ್ದು. ಅವನನ್ನು ರಥದ ಸಾರಥಿಯೆಂದರೆ ತಪ್ಪಾಗಲಾರದು. ಇತರ ಸ್ಥಾನಗಳಲ್ಲಿ ಆಟಗಾರರನ್ನು ಆಗಾಗ್ಗೆ ಬದಲಾಯಿಸುವುದುಂಟು. ಈ ಸ್ಥಾನದಲ್ಲಿ ಮಾತ್ರ ಸಾಮಾನ್ಯವಾಗಿ ಒಬ್ಬನೇ ಕಡೆಯವರೆಗೂ ಆಡುವನು. ಎರಡನೆಯವನು ಎಷ್ಟೇ ಸಮರ್ಥನಾಗಿರಲಿ, ಅಂಚಿನಲ್ಲಿ ನಿಂತು ನೋಡಬೇಕಾದವನೇ.

ಅಲಬಾಮಾದ ತಂಡದಲ್ಲಿ ಜೇಲನ್ ಹರ್ಟ್ಸ್ ಎಂಬ ಯುವಕನು ೨೦೧೬ರಲ್ಲಿ, ಕಾಲೇಜಿಗೆ ಸೇರಿದ ಮೊದಲ ವರುಷವೇ, ಈ ಸಾರಥ್ಯವನ್ನು ವಹಿಸಿದನು. ಟೆಕ್ಸಾಸ್ ಸಂಸ್ಥಾನದವನು, ತಂದೆಯೂ ಹೈಸ್ಕೂಲಿನಲ್ಲಿ ಇದೇ ಆಟದ ಶಿಕ್ಷಕರು. ಅಲಬಾಮಾದಲ್ಲಿ ಆತನು ಆರಂಭಿಸಿದ ೨೮ ಪಂದ್ಯಗಳ ಪೈಕಿ ೨೬ರಲ್ಲಿ ತಂಡಕ್ಕೆ ಜಯವಾಯಿತು. ಇಂಥವನನ್ನು ಬದಲಾಯಿಸಬೇಕೆಂಬ ಮಾತು ಯಾರಿಗಾದರೂ ಹೊಳೆದೀತೆ?

೨೦೧೮ನೆಯ ಜನವರಿ ೮ರಂದು ಅಟ್ಲಾಂಟಾ ನಗರದಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯವು ನಡೆಯಿತು. ಎದುರಾಳಿಗಳು ನೆರೆಯ ಜಾರ್ಜಿಯಾದವರು. ಅರ್ಧ ಆಟವು ಮುಗಿಯುವ ಹೊತ್ತಿಗೆ ಜಾರ್ಜಿಯಾಕ್ಕೆ ೧೩, ಅಲಬಾಮಾಕ್ಕೆ ಸೊನ್ನೆ. ಹರ್ಟ್ಸ್ ಎಸೆದ ೮ ಎಸೆತಗಳಲ್ಲಿ ಜೊತೆಗಾರರ ಕೈಸೇರಿದವು ೩ ಮಾತ್ರ. ಗಳಿಸಿದ ದೂರ ೨೧ ಗಜ. ಆಗ ತಂಡದ ಮುಖ್ಯ ಶಿಕ್ಷಕರಾಗಿದ್ದ ನಿಕ್ ಸೇಬನ್ ಅವರು ಎಲ್ಲರನ್ನೂ ಬೆರಗುಗೊಳಿಸಿ, ಹರ್ಟ್ಸನನ್ನು ಕೂರಿಸಿ, ಟುವಾ ಟಾಗೋವೈಲೋವಾ ಎಂಬ ಮೊದಲ ವರುಷದ ಹುಡುಗನನ್ನು ಕಳುಹಿಸಿದರು. ಹವಾಯಿ ದ್ವೀಪದಿಂದ ಬಂದ ಈ ಎಡಗೈಯವನು ಮೂರು ಬಾರಿ ಎದುರಾಳಿಗಳ ಗಡಿಯನ್ನು ದಾಟುವಂತೆ ಚೆಂಡನ್ನೆಸೆದನು. ಅದರಲ್ಲಿ ಕಡೆಯದು, ಸಮವಾದ ಆಟವನ್ನು ಮುಂದುವರಿಸಿದ ಹೆಚ್ಚಿನ ಅವಧಿಯಲ್ಲಿ, ಡೆವಾಂಟಾ ಸ್ಮಿತ್ ಎಂಬವನಿಗೆ ಎಸೆದ ೪೧ ಗಜದ ಎಸೆತ. ೨೬ಕ್ಕೆ ೨೩ರಂತೆ ಅಲಬಾಮಾ ಗೆದ್ದಿತು. ಕೂರಿಸಲ್ಪಟ್ಟ ಹರ್ಟ್ಸನು ಅಂಚಿನಲ್ಲಿ ನಿಂತು ತನ್ನ ಸ್ಥಾನವನ್ನು ಪಡೆದವನ ಗೆಲುವಿಗಾಗಿ ಹಿಗ್ಗಿದುದನ್ನು ದೇಶವೆಲ್ಲವೂ ನೋಡಿತು.

ಅಲ್ಲಿಂದ ಮುಂದೆ ಎಂಟು ತಿಂಗಳು ಆ ಸಂಸ್ಥಾನದಲ್ಲಿ ಇದೇ ಚರ್ಚೆ. ಕ್ಷೌರದಂಗಡಿಯಲ್ಲಿಯೂ ರೇಡಿಯೋವಿನಲ್ಲಿಯೂ ಊಟದ ಮೇಜಿನಲ್ಲಿಯೂ ಜನರು ಎರಡು ಪಂಗಡವಾಗಿದ್ದರೆಂದು ನಮ್ಮ ಸೋದರಳಿಯನು ವರ್ಣಿಸಿದನು. ಹರ್ಟ್ಸನ ಪಕ್ಷದವರ ವಾದವೇನೆಂದರೆ: ಗೆದ್ದುಕೊಟ್ಟವನನ್ನು ಒಂದು ಸಂಜೆಯ ಸೋಲಿಗಾಗಿ ತಳ್ಳುವುದು ಕೃತಘ್ನತೆ, ೨೦೧೭ರ ಋತುವಿನಲ್ಲಿ ಎದುರಾಳಿಗಳ ಕೈಗೆ ಸಿಕ್ಕಿದ ಅವನ ಎಸೆತವು ಒಂದೇ ಒಂದು, ಇಷ್ಟು ಎಚ್ಚರಿಕೆಯುಳ್ಳವನು ಮತ್ತೆಲ್ಲಿ ದೊರೆಯುವನು? ಟುವಾನ ಪಕ್ಷದವರಾದರೋ, ಹರ್ಟ್ಸನು ಓಟದಲ್ಲಿ ಬಲಶಾಲಿಯೇ ಹೊರತು ದೂರದ ಎಸೆತದಲ್ಲಿ ಟುವಾನಿಗೆ ಸಮನಲ್ಲವೆಂದೂ, ಬಲಿಷ್ಠರಾದ ಎದುರಾಳಿಗಳು ಓಟವನ್ನು ತಡೆದರೆ ತಂಡವು ಕೈಕಟ್ಟಿದಂತಾಗುವುದೆಂದೂ ವಾದಿಸುತ್ತಿದ್ದರು.

ನ್ಯಾಯಶಾಸ್ತ್ರವನ್ನು ಸ್ವಲ್ಪಮಟ್ಟಿಗೆ ಓದಿದ ನಮಗೆ ಈ ಎರಡು ವಾದಗಳಲ್ಲಿಯೂ ಒಂದೊಂದು ಕೊರತೆಯು ಕಾಣುತ್ತದೆ. ಹಿಂದೆ ಗೆದ್ದವನು ಮುಂದೆಯೂ ಗೆಲ್ಲುವನೆಂಬುದು ಪ್ರತ್ಯಕ್ಷವಲ್ಲ, ಅನುಮಾನವೇ ಸರಿ. ಒಂದು ಅರ್ಧಾಟದಲ್ಲಿ ಹೊಳೆದವನು ಋತುವೆಲ್ಲ ಹೊಳೆಯುವನೆಂಬುದು ಒಂದೇ ದೃಷ್ಟಾಂತದಿಂದ ವ್ಯಾಪ್ತಿಯನ್ನು ಸಾಧಿಸಹೊರಟಂತೆ. ಆದುದರಿಂದ ಸೇಬನ್ ಅವರು ಕೂಡಲೆ ತೀರ್ಮಾನವನ್ನು ಸಾರದೆ, ಅಭ್ಯಾಸದಲ್ಲಿಯೂ ಮೊದಲ ಪಂದ್ಯಗಳಲ್ಲಿಯೂ ಇಬ್ಬರನ್ನೂ ಪರೀಕ್ಷಿಸಿದುದು ಯುಕ್ತವೇ ಆಯಿತು. ೨೦೧೮ರ ಸೆಪ್ಟೆಂಬರಿನ ಮೊದಲ ಪಂದ್ಯವನ್ನು ಟುವಾ ಆರಂಭಿಸಿದನು. ಆ ಮೇಲೆ ಸ್ಥಾನವು ಅವನದೇ ಆಯಿತು. ಆ ಋತುವಿನಲ್ಲಿ ಆತನು ಗಡಿ ದಾಟಿಸಿದ ಎಸೆತಗಳು ೪೩. ಆಯ್ಕೆಯು ಸರಿಯಾಗಿತ್ತೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಹಾಗಾದರೆ ಹರ್ಟ್ಸನ ಗತಿ? ಆ ವರುಷ ಒಂದು ಹೊಸ ನಿಯಮವು ಬಂದಿತ್ತು. ನಾಲ್ಕು ಪಂದ್ಯಗಳಿಗೆ ಮೀರದಂತೆ ಆಡಿದವನಿಗೆ ಆ ವರುಷವು ಲೆಕ್ಕಕ್ಕೆ ಸೇರದೆ ಉಳಿದು, ಬೇರೆ ಕಾಲೇಜಿಗೆ ಹೋಗಿ ಆಡಲು ಅನುಕೂಲವಾಗುವಂತಿತ್ತು. ಕ್ಲೆಮ್ಸನ್ ಎಂಬ ಮತ್ತೊಂದು ವಿದ್ಯಾಸಂಸ್ಥೆಯಲ್ಲಿ ಇಂಥದೇ ಪರಿಸ್ಥಿತಿಯಲ್ಲಿ ಸ್ಥಾನವನ್ನು ಕಳೆದುಕೊಂಡ ಕೆಲ್ಲಿ ಬ್ರಯಂಟ್ ಎಂಬವನು ನಾಲ್ಕು ಪಂದ್ಯಗಳಾದೊಡನೆ ತಂಡವನ್ನು ಬಿಟ್ಟನು. ಅದನ್ನು ತಪ್ಪೆನ್ನಲು ನಾವು ಸಿದ್ಧರಿಲ್ಲ. ಆಟಗಾರನ ಪ್ರಾಯವು ಕೆಲವೇ ವರುಷಗಳದು. ಹರ್ಟ್ಸನಾದರೋ ಉಳಿದನು, ಐದನೆಯ ಪಂದ್ಯದಲ್ಲಿಯೂ ಆಡಿ ಆ ಅನುಕೂಲವನ್ನು ಬಿಟ್ಟುಕೊಟ್ಟನು.

ಇಲ್ಲಿ ನಮಗೆ ಭಾರತದ ಕರ್ಣನ ನೆನಪಾಗುತ್ತದೆ. ಭೀಷ್ಮನು ತನ್ನನ್ನು ಅರ್ಧರಥನೆಂದು ಎಣಿಸಿದನೆಂದು ಕೆರಳಿ, ಆ ಪಿತಾಮಹನು ಸೇನಾಪತಿಯಾಗಿರುವವರೆಗೆ ಆಯುಧವನ್ನು ಹಿಡಿಯೆನೆಂದು ಕರ್ಣನು ಡೇರೆಯಲ್ಲಿ ಕುಳಿತನಷ್ಟೆ. ಹತ್ತು ದಿನ ಕೌರವರ ಪಕ್ಷಕ್ಕೆ ಅವನಿಂದ ಉಪಯೋಗವಾಗಲಿಲ್ಲ. ತಪ್ಪು ಕರ್ಣನದೆ? ಅಥವಾ ತುಂಬಿದ ಸಭೆಯಲ್ಲಿ ಅವನನ್ನು ಕೀಳ್ಮಾಡಿದ ಹಿರಿಯರದೆ? ನಾವು ಕರ್ಣನನ್ನು ಮಾತ್ರ ದೂಷಿಸಿ ಪಾಠ ಹೇಳುತ್ತಿದ್ದೆವು. ಈಗ ಹಾಗೆ ಹೇಳಲಾರೆವು.

ಡಿಸೆಂಬರ್ ೧ರಂದು ಅದೇ ಅಟ್ಲಾಂಟಾದಲ್ಲಿ, ಅದೇ ಜಾರ್ಜಿಯಾದೊಡನೆ ಮತ್ತೆ ಪಂದ್ಯವಾಯಿತು. ಕಡೆಯ ಭಾಗದಲ್ಲಿ, ಅಲಬಾಮಾ ೨೧ಕ್ಕೆ ೨೮ರಂತೆ ಹಿಂದೆ ಬಿದ್ದಿದ್ದಾಗ, ಟುವಾ ಕಣಕಾಲಿಗೆ ಪೆಟ್ಟಾಗಿ ಹೊರಬಂದನು. ಹರ್ಟ್ಸನು ಒಳಹೊಕ್ಕನು, ಒಂದು ಎಸೆತದಿಂದ ಆಟವನ್ನು ಸಮಮಾಡಿದನು, ಇನ್ನು ಒಂದು ನಿಮಿಷಕ್ಕೆ ಸ್ವಲ್ಪ ಹೆಚ್ಚಾಗಿ ಉಳಿದಿರುವಾಗ ತಾನೇ ೧೫ ಗಜ ಓಡಿ ಗಡಿಯನ್ನು ದಾಟಿದನು. ೩೫ಕ್ಕೆ ೨೮ರಂತೆ ಜಯ. ಹನ್ನೊಂದು ತಿಂಗಳ ಹಿಂದೆ ತನ್ನನ್ನು ಕೂರಿಸಿದ ಬಯಲಿನಲ್ಲಿಯೇ ಆತನು ತನ್ನನ್ನು ಕೂರಿಸಿದವರನ್ನು ಕಾಪಾಡಿದನು. ಬಳಿಕ ಅವನ ವಿಷಯವಾಗಿ ಮಾತನಾಡುವಾಗ, ಕಠಿಣರೆಂದು ಹೆಸರಾದ ಸೇಬನ್ ಅವರ ಕಂಠವೂ ಗದ್ಗದವಾಯಿತು.

ಇಷ್ಟು ಕೇಳಿ ನಾವು “ಭಲೆ” ಎಂದು ಸುಮ್ಮನಾಗುತ್ತಿದ್ದೆವೇನೋ. ಆದರೆ ಸೋದರಳಿಯನು ಮತ್ತೊಂದು ಸಂಗತಿಯನ್ನು ಹೇಳಿದನು. ಆ ವರುಷದ ಆಗಸ್ಟಿನಲ್ಲಿ ಹರ್ಟ್ಸನು ಪತ್ರಿಕೆಯವರ ಮುಂದೆ ಒಂದು ಅಳಲನ್ನು ತೋಡಿಕೊಂಡಿದ್ದನು: ಜನವರಿಯ ಪಂದ್ಯವಾದ ಮೇಲೆ ಅಷ್ಟು ತಿಂಗಳುಗಳಲ್ಲಿ, ಶಿಕ್ಷಕರೂ ಸೇರಿದಂತೆ ಯಾರೊಬ್ಬರೂ ತನ್ನ ಮನಸ್ಸಿನಲ್ಲೇನಿದೆಯೆಂದು ಕೇಳಲಿಲ್ಲವೆಂದು. ದೇಶವೆಲ್ಲ ಅವನ ವಿಷಯವನ್ನೇ ಮಾತನಾಡುತ್ತಿತ್ತು, ಅವನೊಡನೆ ಮಾತನಾಡಿದವರಿಲ್ಲ.

ಈ ಮಾತು ನಮ್ಮನ್ನು ಬಹು ಹಿಂದಕ್ಕೆ ಕೊಂಡೊಯ್ಯಿತು. ಆಗ ನಾವು ಒಂದು ತಾಲ್ಲೂಕಿನ ಊರಿನಲ್ಲಿ ಮೇಷ್ಟರಾಗಿದ್ದೆವು. ಜಿಲ್ಲಾ ಮಟ್ಟದ ಭಾಷಣಸ್ಪರ್ಧೆಗೆ ಶಾಲೆಗೊಬ್ಬನಂತೆ ಹುಡುಗನನ್ನು ಕಳುಹಿಸಬೇಕಾಗಿತ್ತು. ಎರಡು ವರುಷ ಒಬ್ಬ ಹುಡುಗನೇ ಹೋಗಿದ್ದನು. ಎರಡು ಸಲವೂ ಎರಡನೆಯ ಬಹುಮಾನವನ್ನು ತಂದಿದ್ದನು. ಮೂರನೆಯ ವರುಷ ಬೇರೆ ಊರಿನಿಂದ ಮತ್ತೊಬ್ಬನು ಬಂದು ಸೇರಿದನು. ಅವನ ಕಂಠವೂ ಉಚ್ಚಾರಣೆಯೂ ದೈವದತ್ತವೆಂಬಂತಿದ್ದವು. ನಾವು ಹೊಸಬನನ್ನೇ ಆರಿಸಿ, ಹೆಸರನ್ನು ಬರೆದ ಕಾಗದವನ್ನು ನೋಟೀಸು ಹಲಗೆಗೆ ಅಂಟಿಸಿ ಮನೆಗೆ ನಡೆದೆವು. ಅವನು ಮೊದಲನೆಯ ಬಹುಮಾನವನ್ನು ತಂದನು. ಶಾಲೆಗೆ ಕೀರ್ತಿ ಬಂದಿತು. ನಮ್ಮ ಆಯ್ಕೆಯನ್ನು ಎಲ್ಲರೂ ಹೊಗಳಿದರು. ಹಳೆಯ ಹುಡುಗನು ಮರುದಿನದಿಂದ ಹಿಂದಿನ ಬೆಂಚಿನಲ್ಲಿ ಕೂರತೊಡಗಿದನು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದನು. ವೇದಿಕೆಯನ್ನು ಮಾತ್ರ ಮತ್ತೆ ಹತ್ತಲಿಲ್ಲ. ಹುಡುಗನಿಗೆ ಅಸೂಯೆಯೆಂದು ನಾವು ತೀರ್ಮಾನಿಸಿಬಿಟ್ಟೆವು.

ಇಪ್ಪತ್ತು ವರುಷಗಳ ತರುವಾಯ ಆತನು ತಂಗಿಯ ಮದುವೆಯ ಲಗ್ನಪತ್ರಿಕೆಯನ್ನು ಹಿಡಿದು ನಮ್ಮ ಮನೆಗೆ ಬಂದನು. ನಮಸ್ಕರಿಸಿ, ಕಾಫಿಯನ್ನು ಕುಡಿಯುತ್ತ, ಹಳೆಯ ಮಾತುಗಳ ನಡುವೆ ನಗುತ್ತಲೇ ಹೇಳಿದನು: “ಮೇಷ್ಟ್ರೇ, ತಾವು ಅವನನ್ನು ಕಳಿಸಿದ್ದು ಸರಿಯಾಗೇ ಇತ್ತು. ಅವನು ನನಗಿಂತ ಚೆನ್ನಾಗಿ ಮಾತಾಡ್ತಿದ್ದ, ಅದು ನನಗೂ ಗೊತ್ತಿತ್ತು. ಆದರೆ ಆ ವಿಷಯ ನನಗೆ ಹಲಗೆಯಿಂದ ತಿಳೀತು. ತಾವು ಒಂದು ಮಾತು ಕರೆದು ಹೇಳ್ತೀರೇನೋ ಅಂತ ಆ ಸಂಜೆ ಬಾಗಿಲ ಹತ್ತಿರ ನಿಂತಿದ್ದೆ.” ನಾವು ಆ ಸಂಜೆ ಅದೇ ಬಾಗಿಲಿನಿಂದ ಹೊರಟಿದ್ದೆವು. ಅವನು ನಿಂತಿದ್ದುದು ನಮ್ಮ ನೆನಪಿನಲ್ಲಿಯೇ ಇಲ್ಲ.

ಹರ್ಟ್ಸನ ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ೨೦೧೮ರ ಡಿಸೆಂಬರಿನಲ್ಲಿ ಪದವಿಯನ್ನು ಪಡೆದು, ಆ ಬಳಿಕ ಒಕ್ಲಹೋಮಾ ವಿಶ್ವವಿದ್ಯಾನಿಲಯಕ್ಕೆ ಹೋದನು. ೨೦೧೯ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್ಮನ್ ಪಾರಿತೋಷಕದ ಮತಗಣನೆಯಲ್ಲಿ ಎರಡನೆಯವನಾದನು. ೨೦೨೦ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಂಡಾಗ ಟುವಾ ೫ನೆಯವನಾಗಿಯೂ ಹರ್ಟ್ಸ್ ೫೩ನೆಯವನಾಗಿಯೂ ಆರಿಸಲ್ಪಟ್ಟರು. ೨೦೨೫ನೆಯ ಫೆಬ್ರವರಿ ೯ರಂದು, ಸೂಪರ್ ಬೌಲ್ ಎಂಬ ಮಹಾಪಂದ್ಯದಲ್ಲಿ ಫಿಲಡೆಲ್ಫಿಯಾದ ತಂಡವು ೪೦ಕ್ಕೆ ೨೨ರಂತೆ ಗೆದ್ದಾಗ ಅದರ ಸಾರಥಿಯಾಗಿದ್ದವನೂ, ಪಂದ್ಯದ ಶ್ರೇಷ್ಠ ಆಟಗಾರನೆನಿಸಿದವನೂ ಹರ್ಟ್ಸನೇ. ಅಂದು ಅವನ ದೂರದ ಎಸೆತವೊಂದನ್ನು ಹಿಡಿದು ಗಡಿ ದಾಟಿದವನು ಡೆವಾಂಟಾ ಸ್ಮಿತ್. ಏಳು ವರುಷಗಳ ಹಿಂದೆ ಟುವಾನ ಆ ಕಡೆಯ ಎಸೆತವನ್ನು ಹಿಡಿದವನು! ಇನ್ನೊಂದು ವಿಶೇಷವುಂಟು. ಅಲಬಾಮಾದಲ್ಲಿ ಈ ಇಬ್ಬರಿಗಾಗಿ ಜನರು ಕಚ್ಚಾಡುತ್ತಿದ್ದಾಗ ಮ್ಯಾಕ್ ಜೋನ್ಸ್ ಎಂಬ ಮೂರನೆಯವನೊಬ್ಬನು ಅವರ ಹಿಂದೆ ಕಾದಿದ್ದನು. ೨೦೧೯ರ ನವೆಂಬರಿನಲ್ಲಿ ಟುವಾನ ಸೊಂಟಕ್ಕೆ ಭಾರಿ ಪೆಟ್ಟಾದ ಮೇಲೆ ಸ್ಥಾನವು ಅವನಿಗೆ ದೊರೆಯಿತು. ಮರು ಋತುವಿನಲ್ಲಿ ತಂಡವು ಒಂದೂ ಪಂದ್ಯವನ್ನು ಸೋಲದೆ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದುದು ಅವನ ಸಾರಥ್ಯದಲ್ಲಿ.

ಆದಕಾರಣ ತಾಯಿತಂದೆಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಯೋಗ್ಯನನ್ನು ಆರಿಸಲು ಹಿಂಜರಿಯಬೇಡಿರಿ. ದಾಕ್ಷಿಣ್ಯದಿಂದ ಸ್ಥಾನವನ್ನು ಕೊಟ್ಟರೆ ಕೊಟ್ಟವನಿಗೂ ಪಡೆದವನಿಗೂ ಹಿತವಿಲ್ಲ. ಆದರೆ ಆರಿಸದೆ ಬಿಟ್ಟವನಿಗೆ ಆ ಸುದ್ದಿಯನ್ನು ಮೊದಲು ನೀವೇ ಹೇಳಿರಿ; ಕಾರಣವನ್ನು ಮರೆಮಾಚದೆ ತಿಳಿಸಿರಿ; ಅನಂತರ ಅವನು ಹೇಳುವುದನ್ನು ಕುಳಿತು ಕೇಳಿರಿ. ಅವನು ಅತ್ತರೂ ಚಿಂತೆಯಿಲ್ಲ, ಸಿಟ್ಟಾದರೂ ಚಿಂತೆಯಿಲ್ಲ. ಇದಕ್ಕೆ ಬೇಕಾಗುವುದು ಕಾಲು ಗಂಟೆಯ ಹೊತ್ತು. ಆ ಕಾಲು ಗಂಟೆಯನ್ನು ನಾವು ಉಳಿಸಿಕೊಂಡು ಮನೆಗೆ ಹೋದೆವು. ಅದರಿಂದ ನಮಗೆ ಆದ ಲಾಭವೇನೆಂಬುದು ಇಂದಿಗೂ ನಮಗೆ ತಿಳಿಯದು.