ಲಾರಿಯ ಕ್ಯಾಬಿನ್ನಿನಲ್ಲೊಂದು ಕಂಪ್ಯೂಟರ್

ಮನೆಯಲ್ಲಿ ಕಂಪ್ಯೂಟರ್ ಇಡುವುದು ಸುಲಭ. ಒಂದು ಮೇಜು, ಗೋಡೆಯಲ್ಲೊಂದು ಸಾಕೆಟ್ಟು ಇದ್ದರಾಯಿತು. ಅದೇ ಕಂಪ್ಯೂಟರನ್ನು ದೂರಪ್ರಯಾಣದ ಲಾರಿಯೊಳಗೆ ಇಡಬೇಕೆಂದರೆ? ಮೇಜು ಅಲುಗುತ್ತದೆ, ಗೋಡೆಯಲ್ಲಿ ಸಾಕೆಟ್ಟಿಲ್ಲ, ಇರುವ ವಿದ್ಯುತ್ತು ಎಂಜಿನ್ನಿಗೂ ಬೇಕು. ನಾವು ತರಗತಿಯಲ್ಲಿ ಬಿಡಿಬಿಡಿಯಾಗಿ ಕಲಿಸುವ ಓಮನ ನಿಯಮ, ಅನುರಣನೆ, ಚಲನಶಕ್ತಿ ಎಲ್ಲವೂ ಇಲ್ಲಿ ಒಟ್ಟಿಗೆ ಎದುರಾಗುತ್ತವೆ.

ಅಮೆರಿಕ ಸಂಯುಕ್ತ ಸಂಸ್ಥಾನದ ಲಾರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲ್ಲಿನ ದೂರಪ್ರಯಾಣದ ಲಾರಿಗಳಲ್ಲಿ ಚಾಲಕನ ಆಸನದ ಹಿಂದೆ ಮಲಗುವ ಪುಟ್ಟ ಕೋಣೆಯಿರುತ್ತದೆ. ಸತತ 10 ಗಂಟೆ ವಿರಾಮ ಪಡೆದ ಮೇಲೆ ಗರಿಷ್ಠ 11 ಗಂಟೆ ಮಾತ್ರ ಲಾರಿ ಓಡಿಸಬಹುದೆಂಬುದು ಅಲ್ಲಿನ ನಿಯಮ. ವಾರದ ಲೆಕ್ಕವನ್ನು ಹೊಸದಾಗಿ ಆರಂಭಿಸಲು ಸತತ 34 ಗಂಟೆ ವಿರಾಮ ಬೇಕು. ಈ ಹೊತ್ತೆಲ್ಲ ಲಾರಿಯೇ ಅವನ ಮನೆ, ಲಾರಿಯೇ ಕಚೇರಿ. ಸರಕಿನ ಕಾಗದಪತ್ರ, ಲೆಕ್ಕ, ಮನೆಯವರೊಡನೆ ಮಾತು ಎಲ್ಲಕ್ಕೂ ಕಂಪ್ಯೂಟರ್ ಬೇಕು. ಹಾಗೆಂದು ಇಡೀ ರಾತ್ರಿ ಎಂಜಿನ್ ಓಡಿಸುವಂತಿಲ್ಲ. ನಿಂತಲ್ಲೇ ಓಡುವ ದೊಡ್ಡ ಲಾರಿಯ ಎಂಜಿನ್ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಕುಡಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ ಮಲಗುವ ಕೋಣೆಯುಳ್ಳ ಲಾರಿಗಳೂ ಹೀಗೆ 5 ನಿಮಿಷಕ್ಕಿಂತ ಹೆಚ್ಚು ಹೊತ್ತು ಎಂಜಿನ್ ಓಡಿಸಬಾರದೆಂಬ ನಿಯಮ 2008ರಿಂದ ಇದೆ. ಆದ್ದರಿಂದ ಬ್ಯಾಟರಿಯೇ ಗತಿ.

ಬ್ಯಾಟರಿಯ ಲೆಕ್ಕ

ಇಂಥ ಲಾರಿಯಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ನಾಲ್ಕು ಸೀಸ-ಆಮ್ಲ ಬ್ಯಾಟರಿಗಳು ಸಮಾಂತರವಾಗಿ ಜೋಡಣೆಗೊಂಡಿರುತ್ತವೆ. ಒಂದೊಂದರ ಧಾರಣೆ ಸುಮಾರು 100 ಆಂಪಿಯರ್-ಗಂಟೆ ಎಂದಿಟ್ಟುಕೊಂಡರೆ ಒಟ್ಟು 400. ಇನ್ನು ಖರ್ಚು ನೋಡಿ. ಲ್ಯಾಪ್‌ಟಾಪಿಗೆ 60 ವ್ಯಾಟ್, ಹೆಚ್ಚುವರಿ ಪರದೆಗೆ 25, ಮೋಡೆಮಿಗೆ 10, ಒಟ್ಟು 95 ವ್ಯಾಟ್. ಬ್ಯಾಟರಿಯ ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿಸುವ ಇನ್ವರ್ಟರಿನ ದಕ್ಷತೆ ಶೇ. 85 ಎಂದರೆ, ಬ್ಯಾಟರಿಯಿಂದ 112 ವ್ಯಾಟ್ ಎಳೆಯಬೇಕು. 112ನ್ನು 12ರಿಂದ ಭಾಗಿಸಿದರೆ 9.3 ಆಂಪಿಯರ್. ಐದು ಗಂಟೆ ಕೆಲಸ ಮಾಡಿದರೆ ಸುಮಾರು 47 ಆಂಪಿಯರ್-ಗಂಟೆ. ಒಂದು ರಾತ್ರಿಗೆ ಇದೇನೂ ದೊಡ್ಡದಲ್ಲ.

ಆದರೆ 34 ಗಂಟೆಯ ವಿರಾಮವನ್ನು ಲೆಕ್ಕ ಹಾಕಿ. ಕಂಪ್ಯೂಟರ್ 10 ಗಂಟೆ ನಡೆದರೆ 93 ಆಂಪಿಯರ್-ಗಂಟೆ. ಉಳಿದ 24 ಗಂಟೆ ಇನ್ವರ್ಟರನ್ನು ಆರಿಸದೆ ಬಿಟ್ಟರೆ, ಯಾವ ಹೊರೆಯಿಲ್ಲದಿದ್ದರೂ ಅದು ಸುಮಾರು 1 ಆಂಪಿಯರ್ ಎಳೆಯುತ್ತಿರುತ್ತದೆ, ಅದು 24. ಸರಾಸರಿ 30 ವ್ಯಾಟಿನ ಸಣ್ಣ ಫ್ರಿಜ್ ಇದ್ದರೆ 2.5 ಆಂಪಿಯರಿನಂತೆ 85. ಒಟ್ಟು 202. ಬ್ಯಾಟರಿ ಅರ್ಧ ಖಾಲಿ!

ಇನ್ನೂ ಅರ್ಧ ಉಳಿದಿದೆಯಲ್ಲ ಎನ್ನುತ್ತೀರಾ? ಡೀಸೆಲ್ ಎಂಜಿನ್ನನ್ನು ತಿರುಗಿಸಲು ಸ್ಟಾರ್ಟರ್ ಮೋಟರಿಗೆ ಕೆಲವು ಕ್ಷಣಗಳ ಕಾಲ ನೂರಾರು ಆಂಪಿಯರ್ ಬೇಕು. ಚಳಿಯಲ್ಲಿ ಎಂಜಿನ್ ಎಣ್ಣೆ ಗಟ್ಟಿಯಾಗಿ ಇನ್ನೂ ಹೆಚ್ಚು ಬಲ ಬೇಡುತ್ತದೆ. ಅದೇ ಹೊತ್ತಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಅದರ ಆಂತರಿಕ ರೋಧ ಏರುತ್ತದೆ. ಲಾರಿ ಬ್ಯಾಟರಿಗಳ ಮೇಲೆ -18 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ಸೆಕೆಂಡು ಕೊಡಬಲ್ಲ ಪ್ರವಾಹವನ್ನು ಪ್ರತ್ಯೇಕವಾಗಿ ನಮೂದಿಸುವುದು ಈ ಕಾರಣಕ್ಕೇ. ಅರ್ಧ ಖಾಲಿಯಾದ ಹಳೆಯ ಬ್ಯಾಟರಿ ಅಂಥ ಮುಂಜಾನೆ ಕೈಕೊಟ್ಟರೆ ಹಿಮದ ನಡುವೆ ಲಾರಿಯೂ ನಿಲ್ಲುತ್ತದೆ, ಕ್ಯಾಬಿನ್ ಬಿಸಿಯಾಗಿಡಲು ಎಂಜಿನ್ನನ್ನೇ ನಂಬಿದ ಚಾಲಕನ ಜೀವಕ್ಕೂ ಸಂಚಕಾರ.

ಇಲ್ಲಿ ಅನೇಕರು ಎಡವುತ್ತಾರೆ. ಬ್ಯಾಟರಿ ಖಾಲಿಯಾದರೆ ಇನ್ವರ್ಟರ್ ತಾನೇ ನಿಲ್ಲುತ್ತದೆಂದು ನಂಬುತ್ತಾರೆ. ಹಲವು ಇನ್ವರ್ಟರುಗಳು ನಿಲ್ಲುವುದು 10.5 ವೋಲ್ಟಿಗೆ ಇಳಿದಾಗ. ತುಂಬಿದ ಸೀಸ-ಆಮ್ಲ ಬ್ಯಾಟರಿ ವಿಶ್ರಾಂತ ಸ್ಥಿತಿಯಲ್ಲಿ ತೋರಿಸುವುದು ಸುಮಾರು 12.6 ವೋಲ್ಟ್, ಅರ್ಧ ಖಾಲಿಯಾದಾಗ ಸುಮಾರು 12.2. ಅಂದರೆ 10.5ಕ್ಕೆ ಬರುವಷ್ಟರಲ್ಲಿ ಬ್ಯಾಟರಿಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಇನ್ವರ್ಟರಿನ ಆ ವ್ಯವಸ್ಥೆ ಎಂಜಿನ್ನಿನ ಕಾವಲಿಗಲ್ಲ. 12 ವೋಲ್ಟಿನ ಆಸುಪಾಸಿನಲ್ಲೇ ಸಂಪರ್ಕ ಕಡಿಯುವ ಪ್ರತ್ಯೇಕ ಸಾಧನ ಹಾಕಬೇಕು. ಇಲ್ಲವೇ ಕಂಪ್ಯೂಟರಿಗೇ ಬೇರೆ ಬ್ಯಾಟರಿಯಿಟ್ಟು, ಎಂಜಿನ್ ಓಡುವಾಗ ಮಾತ್ರ ಎರಡೂ ಕೂಡುವಂತೆ ಮಾಡಬೇಕು.

ಇನ್ನೊಂದು ಉಳಿತಾಯವೂ ಉಂಟು. ಇನ್ವರ್ಟರ್ ನೇರ ವಿದ್ಯುತ್ತನ್ನು ಪರ್ಯಾಯವಾಗಿಸುತ್ತದೆ. ಲ್ಯಾಪ್‌ಟಾಪಿನ ಅಡಾಪ್ಟರ್ ಅದನ್ನು ಮತ್ತೆ ನೇರವಾಗಿಸುತ್ತದೆ. ಎರಡೂ ಕಡೆ ಶಕ್ತಿ ಶಾಖವಾಗಿ ಸೋರುತ್ತದೆ. 12 ವೋಲ್ಟಿನಿಂದಲೇ ಲ್ಯಾಪ್‌ಟಾಪಿಗೆ ತಕ್ಕ ವೋಲ್ಟೇಜ್ ಕೊಡುವ ವಾಹನ ಅಡಾಪ್ಟರ್ ಬಳಸಿದರೆ ಒಂದು ಪರಿವರ್ತನೆ ತಪ್ಪುತ್ತದೆ.

ತಂತಿ ಎಷ್ಟು ದಪ್ಪವಿರಬೇಕು?

300 ವ್ಯಾಟಿನ ಇನ್ವರ್ಟರ್ ಪೂರ್ಣ ಹೊರೆಯಲ್ಲಿ ಬ್ಯಾಟರಿಯಿಂದ ಸುಮಾರು 29 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಮಲಗುವ ಕೋಣೆಗೆ 5 ಮೀಟರ್ ದೂರವಿದ್ದರೆ ಹೋಗಿಬರುವ ತಂತಿಯ ಉದ್ದ 10 ಮೀಟರ್. ತಾಮ್ರದ ರೋಧಶೀಲತೆ ಮೀಟರಿಗೆ 1 ಚದರ ಮಿ.ಮೀ. ಅಡ್ಡಕೊಯ್ತದಲ್ಲಿ 0.017 ಓಮ್. ಆದ್ದರಿಂದ 4 ಚದರ ಮಿ.ಮೀ. ತಂತಿಯ ರೋಧ 0.0425 ಓಮ್. ವೋಲ್ಟೇಜ್ ಇಳಿತ ಸುಮಾರು 1.2 ವೋಲ್ಟ್, ಅಂದರೆ ಹತ್ತನೇ ಒಂದು ಪಾಲು ದಾರಿಯಲ್ಲೇ ಮಾಯ. ತಂತಿಯಲ್ಲಿ ಹುಟ್ಟುವ ಶಾಖ ಸುಮಾರು 36 ವ್ಯಾಟ್. 25 ಚದರ ಮಿ.ಮೀ. ತಂತಿ ಹಾಕಿದರೆ ಇಳಿತ ಕೇವಲ 0.2 ವೋಲ್ಟ್.

ನಮ್ಮ ದೇಶದ ಭಾರಿ ಲಾರಿಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಅದೇ ಸಾಮರ್ಥ್ಯಕ್ಕೆ ಪ್ರವಾಹ ಅರ್ಧವಾಗುತ್ತದೆ. ತಂತಿಯ ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಕಾಲುಭಾಗಕ್ಕಿಳಿಯುತ್ತದೆ. ಆದರೆ 12 ವೋಲ್ಟಿನ ಉಪಕರಣವನ್ನು ಅದಕ್ಕೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗಬಹುದು.

ಇನ್ನು ಫ್ಯೂಸು. ಹಾಸಿಗೆಯ ಕೆಳಗೆ ಹಾದ ತಂತಿಯ ಹೊದಿಕೆ ಸವೆದು ಕ್ಯಾಬಿನ್ನಿನ ಕಬ್ಬಿಣಕ್ಕೆ ತಗುಲಿತೆನ್ನಿ. ಹಾದಿಯ ಒಟ್ಟು ರೋಧ 0.05 ಓಮಿನಷ್ಟಿದ್ದರೆ ಪ್ರವಾಹ 240 ಆಂಪಿಯರ್, ಹುಟ್ಟುವ ಶಾಖ ಸುಮಾರು 2,900 ವ್ಯಾಟ್. ಹೆಚ್ಚುಕಡಿಮೆ ಮೂರು ಇಸ್ತ್ರಿಪೆಟ್ಟಿಗೆಗಳನ್ನು ಮಲಗಿದವನ ಕೆಳಗೆ ಇಟ್ಟಂತೆ! ಫ್ಯೂಸನ್ನು ಕಂಪ್ಯೂಟರಿನ ಬಳಿ ಹಾಕಿದರೆ ಅದಕ್ಕೂ ಬ್ಯಾಟರಿಗೂ ನಡುವಿನ ತಂತಿಗೆ ರಕ್ಷಣೆಯಿಲ್ಲ. ಆದ್ದರಿಂದ ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ತಂತಿ ತಾಳುವ ಪ್ರವಾಹಕ್ಕೆ ತಕ್ಕಂತಿರಬೇಕು.

ಅಲುಗಾಟ ಮತ್ತು ಅನುರಣನೆ

ಹಾರ್ಡ್ ಡಿಸ್ಕಿನಲ್ಲಿ ಓದುವ ತಲೆ, ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಕುಲುಕಾಟಕ್ಕೆ ಅದು ಸುಲಭವಾಗಿ ತುತ್ತಾಗುತ್ತದೆ. ಚಲಿಸುವ ಭಾಗಗಳೇ ಇಲ್ಲದ ಘನಸ್ಥಿತಿ ಡಿಸ್ಕ್ ಇಲ್ಲಿ ಉತ್ತಮ. ಕೆಳಗೆ ಸ್ಪಂಜಿನ ಮೆತ್ತೆಯಿಟ್ಟರೆ ಸಾಲದೆ? ಸಾಲದು. ಯಂತ್ರದ ಭಾರಕ್ಕೆ ಮೆತ್ತೆ 2.5 ಮಿ.ಮೀ. ಕುಗ್ಗಿದರೆ ಆ ಜೋಡಣೆಯ ಸಹಜ ಆವೃತ್ತಿ ಸುಮಾರು 10 ಹರ್ಟ್ಸ್. ಒರಟು ರಸ್ತೆಯಲ್ಲಿ ಚಕ್ರಗಳು ಪುಟಿಯುವ ಆವೃತ್ತಿಯೂ ಸುಮಾರು ಅಷ್ಟೇ! ಅನುರಣನೆ ಉಂಟಾಗಿ ಅಲುಗಾಟ ತಗ್ಗುವ ಬದಲು ಹೆಚ್ಚುತ್ತದೆ. ಮೆತ್ತೆ 10 ಮಿ.ಮೀ. ಕುಗ್ಗುವಷ್ಟು ಮೃದುವಾಗಿದ್ದರೆ ಸಹಜ ಆವೃತ್ತಿ 5 ಹರ್ಟ್ಸಿಗಿಳಿದು, 10 ಹರ್ಟ್ಸಿನ ಅಲುಗಾಟದ ಸುಮಾರು ಮೂರನೇ ಒಂದು ಭಾಗ ಮಾತ್ರ ಯಂತ್ರಕ್ಕೆ ತಲುಪುತ್ತದೆ.

ಯಂತ್ರವನ್ನು ಭದ್ರವಾಗಿ ಬಿಗಿಯುವುದಂತೂ ಕಡ್ಡಾಯ. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಲಾರಿ ಡಿಕ್ಕಿ ಹೊಡೆದು ತಟ್ಟನೆ ನಿಂತರೂ, ಬಿಗಿಯದ 2.5 ಕಿಲೋಗ್ರಾಂ ಲ್ಯಾಪ್‌ಟಾಪ್ ಜಡತ್ವದಿಂದ ಅದೇ ವೇಗದಲ್ಲಿ ಮುಂದೆ ಹಾರುತ್ತದೆ. ಅದರ ಚಲನಶಕ್ತಿ ಸುಮಾರು 780 ಜೂಲ್. ಹತ್ತು ಅಂತಸ್ತಿನ ಮೇಲಿಂದ ತಲೆಯ ಮೇಲೆ ಬಿದ್ದಷ್ಟು. ಓಡಿಸುವಾಗ ಪರದೆ ಚಾಲಕನ ಕಣ್ಣಿಗೆ ಬೀಳದಂತಿರಬೇಕು, ಯಂತ್ರ ಗಾಳಿಚೀಲ ಉಬ್ಬುವ ಜಾಗದಲ್ಲಿರಬಾರದು.

ಒಂದು ಪ್ರಯೋಗ

ಶಿಕ್ಷಕರು ಇದನ್ನು ತರಗತಿಗೆ ತರಬಹುದು. ಸ್ಕೂಟರಿನ ಬ್ಯಾಟರಿಗೆ ಮಲ್ಟಿಮೀಟರ್ ಜೋಡಿಸಿ ಮೊದಲು ಎಂಜಿನ್ ಆರಿರುವಾಗ, ಬಳಿಕ ಬಯಲಿನಲ್ಲಿ ಸೆಲ್ಫ್ ಸ್ಟಾರ್ಟ್ ಒತ್ತುವಾಗ, ಕೊನೆಗೆ ಎಂಜಿನ್ ಓಡುವಾಗ ವೋಲ್ಟೇಜ್ ಗುರುತಿಸಿಕೊಳ್ಳಿ. ಮೊದಲ ಎರಡು ಬೆಲೆಗಳ ವ್ಯತ್ಯಾಸಕ್ಕೆ ಆಂತರಿಕ ರೋಧವೇ ಮುಖ್ಯ ಕಾರಣ. ಹಳೆಯ ಬ್ಯಾಟರಿಯಲ್ಲೂ ಇದನ್ನೇ ಮಾಡಿ ಹೋಲಿಸಲು ವಿದ್ಯಾರ್ಥಿಗಳಿಗೆ ಹೇಳಿ. ಬೆಳಿಗ್ಗೆ ಲಾರಿ ಏಕೆ ಎದ್ದೇಳಲಿಲ್ಲವೆಂಬುದನ್ನು ಆಗ ಅವರೇ ನಿಮಗೆ ವಿವರಿಸುತ್ತಾರೆ.