ಇಸ್ಲಾಮಿಗೆ ನಾಯಿಯ ಮೇಲೆ ದ್ವೇಷವೇ?

ಚಿಕ್ಕಬಳ್ಳಾಪುರ: ಮುಸ್ಲಿಮರ ಮನೆಗಳಲ್ಲಿ ನಾಯಿ ಸಾಕುವುದು ವಿರಳ. ಹೀಗಾಗಿ ಇಸ್ಲಾಂ ನಾಯಿಯನ್ನೇ ದ್ವೇಷಿಸುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಗ್ರಂಥಗಳು ಹೇಳುವುದೇ ಬೇರೆ.

ಪಳಗಿಸಿದ ಬೇಟೆನಾಯಿ ಹಿಡಿದು ತಂದುದನ್ನು ತಿನ್ನಲು ಕುರ್‌ಆನಿನ 5ನೇ ಅಧ್ಯಾಯ ಅನುಮತಿಸುತ್ತದೆ. 18ನೇ ಅಧ್ಯಾಯದ ಗುಹಾವಾಸಿಗಳ ಕಥೆಯಲ್ಲಿ ನಾಯಿಯೊಂದು ಮುಂಗಾಲು ಚಾಚಿ ಹೊಸ್ತಿಲಲ್ಲಿ ಮಲಗಿದೆ. ಬೇಟೆ, ಜಾನುವಾರು, ಹೊಲದ ಕಾವಲಿಗೆ ನಾಯಿ ಸಾಕಲು ಹದೀಸ್‌ಗಳಲ್ಲೂ ಅವಕಾಶವಿದೆ.

ತಕರಾರಿರುವುದು ಶುದ್ಧಿಯ ವಿಷಯದಲ್ಲಿ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು 7 ಬಾರಿ, ಅದರಲ್ಲೊಮ್ಮೆ ಮಣ್ಣು ಬಳಸಿ ತೊಳೆಯಬೇಕೆಂಬ ಹದೀಸ್ ಇದೆ. ಅದರ ವ್ಯಾಖ್ಯಾನದಲ್ಲಿ ಒಮ್ಮತವಿಲ್ಲ. ಶಿಡ್ಲಘಟ್ಟ, ಚಿಂತಾಮಣಿ ಸೇರಿದಂತೆ ಬಯಲುಸೀಮೆಯ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ ಕರ್ಮಶಾಸ್ತ್ರ ಪಂಥದವರು. ಅವರಲ್ಲಿ ಪ್ರಚಲಿತವಿರುವ ಅಭಿಪ್ರಾಯದಂತೆ ನಾಯಿಯ ಜೊಲ್ಲು ಅಶುದ್ಧ, ಮೈಯಲ್ಲ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಅನುಸರಿಸುವ ಶಾಫಿ ಪಂಥಕ್ಕೆ ಇಡೀ ನಾಯಿಯೇ ಅಶುದ್ಧ. ಮಳೆಯಲ್ಲಿ ನೆನೆದ ನಾಯಿ ಬಟ್ಟೆಗೆ ತಾಗಿತೆನ್ನಿ: ಹೊಲಸು ಅಂಟದಿದ್ದರೆ ಶಿಡ್ಲಘಟ್ಟದವರು ಹಾಗೆಯೇ ನಮಾಜಿಗೆ ನಿಲ್ಲಬಹುದು, ಭಟ್ಕಳದವರು ಮಣ್ಣು ಬಳಸಿ 7 ಬಾರಿ ತೊಳೆಯಲೇಬೇಕು. ಉತ್ತರ ಆಫ್ರಿಕಾದಲ್ಲಿ ಪ್ರಬಲವಾಗಿರುವ ಮಾಲಿಕಿ ಪಂಥವಂತೂ ನಾಯಿಯನ್ನು ಶುದ್ಧವೆಂದೇ ಎಣಿಸುತ್ತದೆ.

ಮೈಲಿಗೆಯ ನಿಯಮವನ್ನೇ ನೆಪ ಮಾಡಿಕೊಂಡು ಬೀದಿನಾಯಿಗೆ ಕಲ್ಲೆಸೆಯುವವರು ಮತ್ತೊಂದು ಹದೀಸನ್ನು ಮರೆತಂತಿದೆ. ಬಾಯಾರಿ ಒದ್ದೆ ಮಣ್ಣು ನೆಕ್ಕುತ್ತಿದ್ದ ನಾಯಿಗಾಗಿ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ ತಂದವನ ಪಾಪಗಳನ್ನು ದೇವರು ಕ್ಷಮಿಸಿದನೆಂದು ಸಹೀಹ್ ಬುಖಾರಿಯಲ್ಲಿದೆ.