ಶಾಬಾಶ್ ಯಾರಿಂದ ಬರಬೇಕು?

ಮಾರ್ಚ್ ತಿಂಗಳು ಬಂತೆಂದರೆ ಚೆನ್ನೈನ ಪೆರುಂಗುಡಿಯ ಎಷ್ಟೋ ಮನೆಗಳಲ್ಲಿ ಎರಡೆರಡು ಪರೀಕ್ಷೆ. ಮಕ್ಕಳಿಗೆ ಶಾಲೆಯಲ್ಲಿ ವಾರ್ಷಿಕ ಪರೀಕ್ಷೆ, ಅಪ್ಪ ಅಮ್ಮಂದಿರಿಗೆ ಓ.ಎಂ.ಆರ್. ರಸ್ತೆಯ ಕಂಪನಿಗಳಲ್ಲಿ ಅಪ್ರೈಸಲ್. ಮಗನಿಗೆ ಎಷ್ಟು ಅಂಕ, ಅಪ್ಪನಿಗೆ ಯಾವ ರೇಟಿಂಗ್ ಎಂಬುದರ ಮೇಲೆ ಆ ಮನೆಯ ಏಪ್ರಿಲ್ ತಿಂಗಳ ನಗು ನಿಂತಿರುತ್ತದೆ. ಕೋಲಾರ, ಬಳ್ಳಾರಿ, ಬೆಂಗಳೂರು ಕಡೆಯಿಂದ ಕೆಲಸಕ್ಕೆಂದು ಇಲ್ಲಿಗೆ ಬಂದ ನಮ್ಮವರಿಗೆ ಮೂರನೆಯ ಪರೀಕ್ಷೆಯೂ ಉಂಟು. ಈದ್‌ಗೋ ಮದುವೆಗೋ ಊರಿಗೆ ಹೋದಾಗ ಖಾಲಾ, ಫುಪ್ಪು, ಪಕ್ಕದ ಮನೆಯವರು ಕೇಳುವ ಪ್ರಶ್ನೆಗಳು. ನಮ್ಮ ದಖ್ಖನಿಯಲ್ಲಿ ಇದಕ್ಕೆಲ್ಲ ಸೇರಿಸಿ ಒಂದೇ ಮಾತಿದೆ: ಲೋಗಾಂ ಕ್ಯಾ ಬೋಲೇಂಗೆ. ಜನ ಏನಂತಾರೆ?

ಇದು ಬರೀ ಜಂಬ ಅಂತ ತಳ್ಳಿಹಾಕಬೇಡಿ. ತರಗತಿಯಲ್ಲಿ ದಿನಾ ನೋಡುತ್ತೇನೆ, ಮಗು ನೋಟ್‌ಬುಕ್ ಮುಂದೆ ಚಾಚಿದಾಗ ಅದರ ಕಣ್ಣು ಪುಸ್ತಕದ ಮೇಲಿರುವುದಿಲ್ಲ, ನಮ್ಮ ಮುಖದ ಮೇಲಿರುತ್ತದೆ. ಬಿ.ಎಡ್.ನಲ್ಲಿ ಇದಕ್ಕೆ ಪುನರ್ಬಲನ ಎಂಬ ಹೆಸರು ಕಲಿತಿದ್ದೆವು. ಒಳ್ಳೆಯ ಮಾತು ಸಿಕ್ಕಿದ ಕೆಲಸವನ್ನು ಮಗು ಮತ್ತೆ ಮಾಡುತ್ತದೆ ಎಂಬುದು ಅದರ ಸಾರ. ಸರಿಯೇ. ಆದರೆ ಒಳ್ಳೆಯ ಮಾತು ಸಿಗದ ದಿನ ಆ ಮಗುವಿನ ಬೆಲೆ ಎಲ್ಲಿರುತ್ತದೆ?

ನಮ್ಮ ಬಡಾವಣೆಯ ಒಬ್ಬರ ವಿಷಯ ಹೇಳುತ್ತೇನೆ. ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಆದರೂ ದಿನಾ ಬೆಳಿಗ್ಗೆ ಎಂಟೂವರೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಐಡಿ ಕಾರ್ಡಿನ ಪಟ್ಟಿ ಹಾಕಿಕೊಂಡು ಹೊರಡುತ್ತಿದ್ದರು. ಕಾರ್ಡನ್ನು ಕಂಪನಿ ವಾಪಸ್ ಪಡೆದಿತ್ತು. ಉಳಿದದ್ದು ಪಟ್ಟಿ ಮಾತ್ರ, ಅದರ ತುದಿಯನ್ನು ಜೇಬಿಗೆ ತುರುಕಿಕೊಳ್ಳುತ್ತಿದ್ದರು. ಲಿಫ್ಟಿನಲ್ಲಿ ಸಿಗುವ ಮೂರು ಮನೆಯವರಿಗಾಗಿ ಇಷ್ಟೆಲ್ಲ. ಬೇರೆ ಕೆಲಸ ಸಿಕ್ಕ ಮೇಲೆ ಅವರೇ ನಗುತ್ತಾ ಇದನ್ನು ಹೇಳಿದರು. ಕೇಳಿದ ನಮಗೆ ನಗು ಬರಲಿಲ್ಲ.

ಅವರಂಥವರಿಗಾಗಿಯೇ ಇದೆಯೇನೋ ಅನಿಸುವ ಒಂದು ಹದೀಸ್ ಇದೆ. ಅನಸ್(ರ) ಅವರು ವರದಿ ಮಾಡಿದ್ದು, ಇಮಾಮ್ ತಿರ್ಮಿದಿಯವರ ಶಮಾಇಲ್‌ನಲ್ಲಿದೆ. ಝಾಹಿರ್ ಎಂಬ ಹಳ್ಳಿಗರು ಪ್ರವಾದಿ ಮುಹಮ್ಮದ್(ಸ) ಅವರಿಗೆ ತಮ್ಮ ಕಡೆಯ ಪದಾರ್ಥಗಳನ್ನು ತಂದುಕೊಡುತ್ತಿದ್ದರು. ನೋಡಲು ಚೆಂದವಿರಲಿಲ್ಲ. ಒಂದು ದಿನ ಅವರು ಮದೀನಾದ ಪೇಟೆಯಲ್ಲಿ ಸರಕು ಮಾರುತ್ತಿದ್ದಾಗ ಪ್ರವಾದಿ(ಸ) ಹಿಂದಿನಿಂದ ಬಂದು ಅಪ್ಪಿ ಹಿಡಿದರು, ಈ ಗುಲಾಮನನ್ನು ಯಾರು ಕೊಳ್ಳುತ್ತೀರಿ ಎಂದು ತಮಾಷೆಗೆ ಕೂಗಿದರು. ಹಿಡಿದವರು ಯಾರೆಂದು ಗೊತ್ತಾಗುತ್ತಲೇ ಝಾಹಿರ್ ತಮ್ಮ ಬೆನ್ನನ್ನು ಅವರ ಎದೆಗೆ ಇನ್ನಷ್ಟು ಒತ್ತಿದರು. ಆಮೇಲೆ, ನನ್ನನ್ನು ಮಾರಲು ಹೋದರೆ ನಿಮಗೆ ಗಿಟ್ಟುವುದು ಏನೂ ಇಲ್ಲ ಎಂದರು. ಅವರು ಬಳಸಿದ ಪದ ‘ಕಾಸಿದ್’. ಅದು ಪೇಟೆಯ ಪದ, ಗಿರಾಕಿ ಇಲ್ಲದೆ ಅಂಗಡಿಯಲ್ಲೇ ಉಳಿದುಬಿಟ್ಟ ಸರಕು ಎಂದರ್ಥ. ಆದರೆ ಅಲ್ಲಾಹನ ಬಳಿ ನೀವು ಹಾಗಲ್ಲ, ಅಲ್ಲಿ ನೀವು ಬೆಲೆಬಾಳುವವರು ಎಂಬ ಅರ್ಥದ ಉತ್ತರ ಪ್ರವಾದಿ(ಸ) ಕೊಟ್ಟರು.

ಗಮನಿಸಿ, ನೀವು ಚೆಂದ ಇದ್ದೀರಿ ಎಂದು ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ಪೇಟೆಯಲ್ಲಿ ನಿಮಗೂ ಒಳ್ಳೆಯ ದರ ಬರುತ್ತದೆ ಅಂತಲೂ ಹೇಳಲಿಲ್ಲ. ತಕ್ಕಡಿಯನ್ನೇ ಬದಲಿಸಿದರು.

ಪೆರುಂಗುಡಿಯವರಿಗೆ ಇದು ಬೇಗ ಅರ್ಥವಾಗಬೇಕು. ನಮ್ಮ ಪಕ್ಕದಲ್ಲೇ ನಗರದ ದೊಡ್ಡ ಕಸದ ಗುಡ್ಡೆ ಇದೆ. ಅದನ್ನು ಸುರಿದದ್ದು ಪಳ್ಳಿಕರಣೈ ಜೌಗು ಪ್ರದೇಶದ ಅಂಚಿಗೆ. ಯಾರಿಗೂ ಬೇಡದ ಬೀಳುಭೂಮಿ ಎಂದುಕೊಂಡೇ ಆ ನೀರಿಗೆ ಅಷ್ಟು ಕಸ ಸುರಿದರು. ಅದೇ ಜಾಗ 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎನಿಸಿತು. ಮಳೆನೀರನ್ನು ಹೀರಿಕೊಳ್ಳುವ ಕೆಲಸ ಅದು ಮೊದಲೂ ಮಾಡುತ್ತಿತ್ತು, ರಾಜಹಂಸಗಳು ಮೊದಲೂ ಬರುತ್ತಿದ್ದವು.

ಕುರ್‌ಆನಿನ 17ನೇ ಅಧ್ಯಾಯದಲ್ಲಿ ಅಲ್ಲಾಹನು ಆದಮರ ಸಂತತಿಗೆ ತಾನು ಗೌರವ ಕೊಟ್ಟಿರುವುದಾಗಿ ಹೇಳುತ್ತಾನೆ. ಅಲ್ಲಿ ಅಂಕಪಟ್ಟಿಯ ಶರತ್ತಿಲ್ಲ. 93ನೇ ಅಧ್ಯಾಯವಾದ ಅದ್ದುಹಾ ಅವತೀರ್ಣವಾದ ಸಂದರ್ಭವೂ ನೆನಪಿರಲಿ. ಕೆಲ ಕಾಲ ವಹೀ ನಿಂತಿತ್ತು. ನಿಮ್ಮ ದೇವರು ನಿಮ್ಮನ್ನು ಬಿಟ್ಟುಬಿಟ್ಟ ಎಂದು ಮಕ್ಕಾದ ಜನ ಆಡಿಕೊಂಡರು. ಸ್ವತಃ ಪ್ರವಾದಿಯವರಿಗೂ(ಸ) ಜನರ ಮಾತು ನಾಟಿತು ಅಂದಮೇಲೆ ನಮಗೆ ನಾಟಿದರೆ ಈಮಾನ್ ಕಡಿಮೆ ಅಂತ ಅಳುಕಬೇಕಿಲ್ಲ. ಆಗ ಬಂದ ಸಾಂತ್ವನ ಜನರ ಬಾಯಿಂದ ಬರಲಿಲ್ಲ. ಪ್ರಭು ಕೈಬಿಟ್ಟಿಲ್ಲ, ಮುನಿದಿಲ್ಲ ಎಂದು ಮೇಲಿನಿಂದ ಬಂತು.

ಇದರ ಇನ್ನೊಂದು ಮುಖ ಸ್ವಲ್ಪ ಕಠಿಣ. ಜನರ ಮೆಚ್ಚುಗೆಗೇ ದುಡಿಯುವುದಕ್ಕೆ ನಮ್ಮಲ್ಲಿ ‘ರಿಯಾ’ ಎನ್ನುತ್ತಾರೆ, ನೋಡು ಎಂಬ ಅರ್ಥದ ಅರಬಿ ಧಾತುವಿನಿಂದ ಬಂದ ಪದ. ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಹುರೈರಾ(ರ) ವರದಿ ಮಾಡಿದ ಹದೀಸ್ ಪ್ರಕಾರ, ಅಂತಿಮ ದಿನ ಮೊದಲು ವಿಚಾರಣೆಗೆ ಬರುವವರಲ್ಲಿ ಹುತಾತ್ಮ, ವಿದ್ವಾಂಸ, ದಾನಿ ಈ ಮೂವರು ಇರುತ್ತಾರೆ. ಮೂವರದ್ದೂ ದೊಡ್ಡ ಕೆಲಸಗಳೇ. ಆದರೆ ಧೀರ, ಪಂಡಿತ, ಉದಾರಿ ಅನಿಸಿಕೊಳ್ಳಲು ಮಾಡಿದ್ದು, ಜನ ಹಾಗೆಯೇ ಹೇಳಿಯೂ ಆಯಿತು. ಕೂಲಿ ಅಲ್ಲೇ ಚುಕ್ತಾ. ನಡುವಿನವರು ಓದು ಕಲಿತು ಕಲಿಸಿದವರು ಎಂಬುದು ಶಿಕ್ಷಕರಾದ ನಮ್ಮ ಎದೆಗೆ ಬಂದು ತಾಗುತ್ತದೆ.

ಇಮಾಮ್ ಗಝಾಲಿಯವರಿಗೂ ತಾಗಿತ್ತು. 1091ರಲ್ಲಿ ಅವರು ಬಗ್ದಾದಿನ ನಿಝಾಮಿಯಾ ಮದರಸಾಕ್ಕೆ ಪ್ರಾಧ್ಯಾಪಕರಾಗಿ ನೇಮಕಗೊಂಡಾಗ ವಯಸ್ಸು ಮೂವತ್ತಮೂರರ ಆಸುಪಾಸು. ಆ ಕಾಲಕ್ಕೆ ಅದಕ್ಕಿಂತ ಎತ್ತರದ ಬೋಧನಾ ಪೀಠ ಹುಡುಕುವುದು ಕಷ್ಟ. ನಾಲ್ಕೇ ವರ್ಷಕ್ಕೆ ಒಳಗಿನ ತಳಮಳ ಶುರುವಾಯಿತು. ಪಾಠದ ಹಿಂದಿನ ತಮ್ಮ ನಿಯ್ಯತ್ತನ್ನು ಪರೀಕ್ಷಿಸಿದಾಗ ಸ್ಥಾನಮಾನ, ಹೆಸರಿನ ಆಸೆಯೇ ಕಂಡಿತೆಂದು ಅವರು ಆತ್ಮಕಥನದಲ್ಲಿ ಬರೆದಿದ್ದಾರೆ. ನಾಲಿಗೆ ಕಟ್ಟಿಹೋಯಿತು, ಪಾಠ ಮಾಡಲಾಗಲಿಲ್ಲ, ಅನ್ನ ಇಳಿಯಲಿಲ್ಲ. ಇದು ಮನಸ್ಸಿನಿಂದ ಬಂದ ಕಾಯಿಲೆ ಎಂದು ವೈದ್ಯರು ಕೈಚೆಲ್ಲಿದರು. 1095ರಲ್ಲಿ ಎಲ್ಲ ಬಿಟ್ಟು ದಮಾಸ್ಕಸ್ಸಿಗೆ ಹೊರಟರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಅರ್ಧ. ಸುಮಾರು ಹನ್ನೊಂದು ವರ್ಷಗಳ ಬಳಿಕ ಅವರು ನಿಶಾಪುರದಲ್ಲಿ ಮತ್ತೆ ಪಾಠಕ್ಕೆ ನಿಂತರು. ನೋಡಿದವರಿಗೆ ಅದೇ ಕೆಲಸ. ಮೊದಲು ಸ್ಥಾನ ಗಳಿಸಿಕೊಡುವ ವಿದ್ಯೆ ಕಲಿಸುತ್ತಿದ್ದೆ, ಈಗ ಸ್ಥಾನ ಬಿಡುವುದನ್ನು ಕಲಿಸುವ ವಿದ್ಯೆ ಎಂದು ವ್ಯತ್ಯಾಸವನ್ನು ಅವರೇ ವಿವರಿಸಿದ್ದಾರೆ. ಹಾಗಾಗಿ ರಿಯಾ ಭಯಕ್ಕೆ ಕೆಲಸವನ್ನೇ ಬಿಡುವುದು ಪರಿಹಾರವಲ್ಲ. ಜನ ನೋಡುತ್ತಾರೆ ಎಂದು ಒಳ್ಳೆಯದನ್ನು ಬಿಡುವುದೂ ರಿಯಾವೇ ಅಂತ ಫುಝೈಲ್ ಬಿನ್ ಇಯಾಝ್ ಅವರ ಹೆಸರಿನಲ್ಲಿ ಒಂದು ಮಾತಿದೆ. ಸರಿಯಾಗಿದೆ ಅಲ್ವಾ? ಬಿಟ್ಟರೂ ಲೆಕ್ಕ ಜನರದ್ದೇ ಆಯಿತಲ್ಲ.

ಕೆಲವರು ಇದನ್ನೆಲ್ಲ ಓದಿ ಮಕ್ಕಳಿಗೆ ಶಾಬಾಶ್ ಹೇಳುವುದನ್ನೇ ನಿಲ್ಲಿಸಿಬಿಡುತ್ತಾರೆ. ಅದು ತಪ್ಪು ಪಾಠ. ಪ್ರವಾದಿ(ಸ) ತಮ್ಮ ಸಂಗಾತಿಗಳನ್ನು ಹೆಸರಿಟ್ಟು ಮೆಚ್ಚಿದ್ದಾರೆ. ಒಬ್ಬ ಒಳ್ಳೆಯದನ್ನು ಮಾಡುತ್ತಾನೆ, ಜನ ಹೊಗಳುತ್ತಾರೆ, ಅವನ ಗತಿಯೇನು ಎಂದು ಕೇಳಿದಾಗ, ಅದು ವಿಶ್ವಾಸಿಗೆ ಮುಂಚಿತವಾಗಿ ಸಿಗುವ ಶುಭವಾರ್ತೆ ಎಂದರೆಂದು ಅಬೂ ಝರ್(ರ) ವರದಿ ಮಾಡಿದ್ದಾರೆ. ಹೊಗಳಿಕೆ ಬಂದರೆ ಅಲ್‌ಹಮ್ದುಲಿಲ್ಲಾಹ್ ಅನ್ನಿ. ಅದನ್ನೇ ಸಂಬಳ ಅಂದುಕೊಳ್ಳಬೇಡಿ, ಅಷ್ಟೆ.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ ಸೂಚಿಸುತ್ತೇನೆ, ದೊಡ್ಡವರಿಗೂ ಆಗುತ್ತೆ. ವಾರಕ್ಕೆ ಒಂದಾದರೂ ಒಳ್ಳೆಯ ಕೆಲಸ ಯಾರಿಗೂ ಗೊತ್ತಾಗದ ಹಾಗೆ ಮಾಡಿ. ಅಮ್ಮಿಗೂ ಹೇಳಬೇಡಿ, ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಬೇಡಿ. ಮೊದಲೆರಡು ವಾರ ಹೊಟ್ಟೆಯಲ್ಲಿ ಏನೋ ಕಚ್ಚಿದಂತಾಗುತ್ತದೆ, ಆಮೇಲೆ ರೂಢಿಯಾಗುತ್ತದೆ. ಈ ದಾರಿಯಲ್ಲಿ ನಮಗಿಂತ ಎಷ್ಟೋ ಮುಂದೆ ಹೋದವರು ಪ್ರವಾದಿಯವರ(ಸ) ಮರಿಮೊಮ್ಮಗ ಅಲಿ ಝೈನುಲ್ ಆಬಿದೀನ್. ಮದೀನಾದ ಬಡವರ ಮನೆಬಾಗಿಲಿಗೆ ರಾತ್ರಿ ಹೊತ್ತು ಆಹಾರ ಬರುತ್ತಿತ್ತು, ತರುವವರು ಯಾರೆಂದು ಗೊತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಅದು ನಿಂತಿತು. ಮಯ್ಯತ್ತಿಗೆ ಗುಸುಲ್ ಕೊಡುವಾಗ ಬೆನ್ನ ಮೇಲೆ ಹಿಟ್ಟಿನ ಚೀಲ ಹೊತ್ತ ಗುರುತುಗಳು ಕಂಡವಂತೆ.